ಮೈಲಾರಪ್ಪನ ಕಪ್ಪು ಬಣ್ಣ

ಶಿಷ್ಯನು ಕೇಳಿದನು: “ಗುರುಗಳೇ, ನಾನು ಮಾಡಿದ ಕೆಲಸವನ್ನು ಜನ ಮೆಚ್ಚಿದಾಗ ‘ಇದು ನಾನೇ ಮಾಡಿದ್ದು’ ಎನ್ನಲು ನಾಲಿಗೆ ತವಕಿಸುತ್ತದೆ. ಅದು ಅಹಂಕಾರವಲ್ಲವೇ?”

ಗುರುಗಳು ಹೇಳಿದರು:

ರಾಣೆಬೆನ್ನೂರಿನಲ್ಲಿ ಮೈಲಾರಪ್ಪನೆಂಬ ಬಾಡಿಗೆ ಕಾರಿನವನಿದ್ದ. ಅವನ ಕಾರು ಹಳೆಯದು. ಹೊರಗೆ ಚೆನ್ನಾಗಿತ್ತು. ಒಳಗಿನ ಪ್ಲಾಸ್ಟಿಕ್ ಮಾತ್ರ ಬಿಸಿಲಿಗೆ ಬೆಳ್ಳಗಾಗಿ, ಕಲೆಗಟ್ಟಿತ್ತು. ಹತ್ತಿದವರು ಮೂಗು ಮುರಿಯುತ್ತಿದ್ದರು. ಅದು ಅವನ ಮನಸ್ಸಿಗೆ ಚುಚ್ಚುತ್ತಿತ್ತು.

ಒಂದು ದಿನ ಅವನು ಕಪ್ಪು ಬಣ್ಣದ ಸ್ಪ್ರೇ ಡಬ್ಬಿಗಳನ್ನು ತಂದ. ಮನೆಯ ಮುಂದೆ ಕಾರು ನಿಲ್ಲಿಸಿ, ಬಾಗಿಲುಗಳ ಒಳಮೈಗೂ ಡ್ಯಾಶ್‌ಬೋರ್ಡಿಗೂ ಒಂದೇ ಬೆಳಗ್ಗೆ ಹೊಡೆದು ಮುಗಿಸಿದ. ಕಾರು ಹೊಸದರಂತೆ ಕಂಡಿತು.

ನಾಲ್ಕನೆಯ ದಿನ ಮದುವೆಯ ಬಾಡಿಗೆ ಬಂತು. ಮದುಮಗಳು ಬಾಗಿಲಿಗೆ ಒರಗಿ ಕುಳಿತಳು. ಕಲ್ಯಾಣಮಂಟಪದ ಮುಂದೆ ಇಳಿದಾಗ ಅವಳ ಹಾಲುಬಣ್ಣದ ಸೀರೆಗೂ ರವಿಕೆಗೂ ಹೆಗಲಿನಿಂದ ಮೊಣಕೈವರೆಗೆ ಕಪ್ಪು ಹತ್ತಿತ್ತು. ಹುಡುಗಿ ಅತ್ತಳು. ಅವಳ ತಂದೆ ನೂರು ಜನರ ಎದುರು ಕೂಗಾಡಿದ. ನಿಂತವರಲ್ಲಿ ಒಬ್ಬ, “ಅಂಗಡಿಯವ ಕೆಟ್ಟ ಬಣ್ಣ ಕೊಟ್ಟಿರಬೇಕು ಬಿಡ್ರಿ” ಎಂದ.

ಮೈಲಾರಪ್ಪ ತಲೆ ಅಲ್ಲಾಡಿಸಿದ. “ಬಣ್ಣದ್ದೇನೂ ತಪ್ಪಿಲ್ರಿ ಯಜಮಾನ್ರ. ತಪ್ಪು ನಂದ. ತಿಳೀದ ಹಚ್ಚೀನಿ.”

ಅಂದಿನಿಂದ ಕಾರ್ ಸ್ಟ್ಯಾಂಡಿನವರು ಅವನ ಕಾರಿಗೆ ‘ಕಾಡಿಗೆ ಡಬ್ಬಿ’ ಎಂದು ಹೆಸರಿಟ್ಟರು. ಹೊಸ ಒಳಮೈ ಹಾಕಿಸಿಕೋ ಎಂದರು ಕೆಲವರು. ಕಾರನ್ನೇ ಮಾರು ಎಂದರು ಕೆಲವರು. ಅವನು ಮನೆಗೆ ಬಂದು ಹೆಂಡತಿ ನೀಲವ್ವನ ಮುಂದೆ ಕುಳಿತ. ಇಷ್ಟು ವರ್ಷ ಹೊಳಪು ಬರಲೆಂದು ವಾರವಾರ ಒಳಗಿನ ಪ್ಲಾಸ್ಟಿಕ್‌ಗೆ ಪಾಲಿಶ್ ಎಣ್ಣೆ ತಿಕ್ಕಿದ್ದನ್ನು ಹೇಳಿದ.

ನೀಲವ್ವ ಕೇಳಿದಳು: “ಎಣ್ಣಿ ಕುಡದ ಗ್ವಾಡಿಗೆ ಸುಣ್ಣ ಹತ್ತತೈತೇನ್ರಿ?”

ಮರುದಿನ ಅವನು ಬಾಡಿಗೆ ನಿಲ್ಲಿಸಿದ. ಬಾಗಿಲಿನ ಒಳಹಲಗೆಗಳನ್ನೂ ಡ್ಯಾಶ್‌ಬೋರ್ಡಿನ ಬಿಚ್ಚಬಹುದಾದ ಭಾಗಗಳನ್ನೂ ಒಂದೊಂದಾಗಿ ಬಿಚ್ಚಿದ. ಯಾವ ಹಲಗೆಯ ಸ್ಕ್ರೂ ಯಾವುದೆಂದು ತಪ್ಪದಂತೆ ಬೇರೆ ಬೇರೆ ಬಟ್ಟಲಲ್ಲಿ ಇಟ್ಟ. ಏರ್‌ಬ್ಯಾಗ್ ಇರುವ ಭಾಗವನ್ನು ಮುಟ್ಟಲಿಲ್ಲ. ಮೊದಲು ಹೊಡೆದ ಬಣ್ಣವನ್ನು ಕೆರೆದು ತೆಗೆಯಲು ಎಂಟು ದಿನ ಹಿಡಿಯಿತು. ಉಗುರು ಸಂದಿಯಲ್ಲಿ ರಕ್ತ ಬಂತು. ಆಮೇಲೆ ಸೋಪಿನ ನೀರಿನಲ್ಲಿ ತೊಳೆದ. ನುಣುಪಾದ ಉಜ್ಜುಕಾಗದದಿಂದ ಉಜ್ಜಿದ. ಎಣ್ಣೆಯ ಜಿಡ್ಡು ಉಳಿಯದಂತೆ ಸ್ಪಿರಿಟ್‌ನಿಂದ ಒರೆಸಿದ. ಬಣ್ಣ ಕಚ್ಚಿಕೊಳ್ಳಲೆಂದು ಪ್ಲಾಸ್ಟಿಕ್‌ಗೆಂದೇ ಬರುವ ಪ್ರೈಮರ್ ಹೊಡೆದು ಒಣಗಲು ಬಿಟ್ಟ. ಕೊನೆಗೆ ಬಣ್ಣ. ಒಂದು ತೆಳು ಪದರ, ಕಾಯುವುದು, ಮತ್ತೊಂದು ತೆಳು ಪದರ. ನಡುವೆ ಗಾಳಿಗೆ ಧೂಳೆದ್ದು ಒಂದು ಹಲಗೆಯ ಮೇಲೆ ಕುಳಿತಿತು. ಅದನ್ನು ಮತ್ತೆ ಮೊದಲಿನಿಂದ ಮಾಡಿದ.

ಬೇರೆ ಬಣ್ಣ ಹಚ್ಚು, ಜನ ಆ ಕಪ್ಪನ್ನು ಮರೆಯಲಿ ಎಂದಿದ್ದ ಅವನ ಗೆಳೆಯ. ಮೈಲಾರಪ್ಪ ಒಪ್ಪಿರಲಿಲ್ಲ. ಅದೇ ಕಪ್ಪನ್ನೇ ಹಚ್ಚಿದ್ದ.

ತಿಂಗಳ ಮೇಲೆ ಅವನು ಸ್ಟ್ಯಾಂಡಿಗೆ ಹೋದ. ಅದೇ ಮದುಮಗಳ ತಂದೆ ಅಲ್ಲಿಗೆ ಬಂದಿದ್ದ. ಮಗಳನ್ನು ತವರಿಗೆ ಕರೆತರಲು ಕಾರು ಬೇಕಿತ್ತು. ಬೇರೆ ಕಾರುಗಳಿಗೆಲ್ಲ ಆಗಲೇ ಬಾಡಿಗೆ ಗೊತ್ತಾಗಿತ್ತು. ತಂದೆ ಮೈಲಾರಪ್ಪನ ಕಾರಿನ ಬಾಗಿಲು ತೆರೆದ. ಹೆಗಲ ಮೇಲಿನ ಬಿಳಿ ಶಲ್ಯ ತೆಗೆದು ಬಾಗಿಲಿನ ಒಳಮೈಗೆ ಒತ್ತಿ ಒತ್ತಿ ತಿಕ್ಕಿದ. ಸ್ಟ್ಯಾಂಡಿನವರೆಲ್ಲ ಸುತ್ತ ನಿಂತರು. ಅವನು ಶಲ್ಯವನ್ನು ಬಿಡಿಸಿ ಬಿಸಿಲಿಗೆ ಹಿಡಿದ. ಮಲ್ಲಿಗೆಯಂತೆ ಬೆಳ್ಳಗಿತ್ತು.

“ಯಾರ ಕಡೆ ಮಾಡ್ಸಿದಿ?” ಎಂದು ತಂದೆ ಕೇಳಿದ.

ಮೈಲಾರಪ್ಪ ಎದೆ ಸೆಟೆಸಿ, ಕೊನೆಯಲ್ಲಿ ನಿಂತವನಿಗೂ ಕೇಳುವಂತೆ ಹೇಳಿದ: “ನಾನ ಮಾಡೀನ್ರಿ. ನನ್ನ ಮನಿ ಅಂಗಳದಾಗ.”

ತಂದೆ ಶಲ್ಯ ಹೆಗಲಿಗೆ ಹಾಕಿಕೊಂಡು ಕಾರು ಹತ್ತಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನು, “ದೇವರ ದಯೆ ಎಂದಿದ್ದರೆ ಸಾಕಿತ್ತಲ್ಲವೇ ಗುರುಗಳೇ? ಅಷ್ಟು ಜನರ ಮುಂದೆ ‘ನಾನು’ ಎನ್ನಬೇಕಿತ್ತೇ?” ಎಂದನು.

ಗುರುಗಳು ಹೇಳಿದರು: “ಕೆಡಿಸಿದ ದಿನ ನೂರು ಜನರೆದುರು ‘ನಾನು’ ಎಂದವನಿಗೆ, ಸರಿಪಡಿಸಿದ ದಿನ ಆ ಮಾತು ಆಡುವ ಹಕ್ಕಿಲ್ಲವೇ?”