ಚನ್ನವೀರಣ್ಣನ ದೂರಿನ ಪುಸ್ತಕ

ಈಗ ಇಂಟರ್‌ನೆಟ್ ಕೆಟ್ಟರೆ ಯಂತ್ರ ಮಾತಾಡುತ್ತದೆ. ಆಗ ನಮ್ಮ ತಿಪಟೂರಿನಲ್ಲಿ ಕೇಬಲ್ ಚನ್ನವೀರಣ್ಣನೇ ಬೈಯುತ್ತಿದ್ದ. ಆ ಸುಖವೇ ಬೇರೆ!

ಗುಮಾಸ್ತ ಶೇಷಗಿರಿ ಹೊಸ ಕಂಪನಿಯ ನೆಟ್ ಹಾಕಿಸಿಕೊಳ್ಳುತ್ತೇನೆಂದಾಗ ಚನ್ನವೀರಣ್ಣ ಮೀಸೆ ತಿರುವಿದ. "ಅವರು ಬರೋದು ಮುಂದಿನ ವಾರ ತಾನೇ? ನಿನ್ನ ವೈರು ಇವತ್ತೇ ಕತ್ತರಿಸ್ತೀನಿ!"

ನೆಟ್ ನಿಂತರೆ ಹೆಂಡತಿಯ ಆನ್‌ಲೈನ್ ವೀಣೆ ಪಾಠವೂ ನಿಂತಂತೆ. ಶೇಷಗಿರಿ ಕೈಮುಗಿದ.

"ಕತ್ತರಿಸಿ ಅಣ್ಣ. ಆದರೆ ದೂರಿನ ಪುಸ್ತಕದಲ್ಲಿ ಬರೆಯದೆ ಯಾವ ಕೆಲಸಾನೂ ಇಲ್ಲ ಅಂತ ನಿಮ್ಮದೇ ರೂಲ್ಸು."

"ರೂಲ್ಸು ಅಂದ್ರೆ ರೂಲ್ಸು! ಬರಿ, ಸರದಿ ಪ್ರಕಾರ ಬರ್ತೀನಿ."

ಊರಿನ ನಲವತ್ತು ದೂರುಗಳ ಕೆಳಗೆ ಶೇಷಗಿರಿ 'ನನ್ನ ವೈರು ಕತ್ತರಿಸಬೇಕು' ಎಂದು ಅಂದವಾಗಿ ಬರೆದ.

ಹನ್ನೆರಡನೇ ದಿನ ಚನ್ನವೀರಣ್ಣ ವೈರು ಕತ್ತರಿಸಲು ಬಂದಾಗ ಹೊಸ ಕಂಪನಿಯ ವೈರಿನಲ್ಲಿ ಪಾಠ ನಡೆದಿತ್ತು. "ನನ್ನ ಪುಸ್ತಕದಿಂದಲೇ ನನಗೆ ಟೋಪಿ ಹಾಕಿದೆಯಲ್ಲೋ!"

ಶೇಷಗಿರಿ ಕಾಫಿ ಕೊಟ್ಟ. "ಹನ್ನೊಂದು ವರ್ಷದಲ್ಲಿ ನೀವು ಸರಿಯಾದ ಹೊತ್ತಿಗೆ ಬಂದದ್ದು ಇದೊಂದೇ ಸಲ, ಅಣ್ಣ!"