ಮೂರು ದಾರಿ, ಒಂದು ಬೋಗುಣಿ ಹಾಲು

ಮಲಪ್ರಭೆಯ ದಂಡೆಯ ಆ ಆಶ್ರಮಕ್ಕೆ ಇಂಟರ್ನೆಟ್ ಬಂದು ನಾಲ್ಕು ತಿಂಗಳಾಗಿತ್ತು. ಹಾಡು ಮಾತ್ರ ಇನ್ನೂ ಬಂದಿರಲಿಲ್ಲ.

ಅದಕ್ಕೆ ಕಾರಣ ಸಂಗಯ್ಯ. ಒಳ್ಳೆಯ ಶಿಷ್ಯ, ಒಳ್ಳೆಯ ಮನುಷ್ಯ. ಆಶ್ರಮಕ್ಕೆ ಬರುವ ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ಬರುವಾಗ ನೌಕರಿ ಬಿಟ್ಟು ಬಂದ, ಪಟ್ಟಿ ಬರೆಯುವ ಚಾಳಿ ಬಿಟ್ಟು ಬರಲಿಲ್ಲ. ಒಂದು ಕೊಡೆ ಕೊಳ್ಳಬೇಕಾದರೂ ಅವನಿಗೆ ಎರಡು ಹಾಳೆ ಬೇಕು.

ಮಾಸ್ತರನಾಗಿದ್ದಾಗ ಬಾಡಿಗೆ ಮನೆ ಹುಡುಕುತ್ತ ಹನ್ನೊಂದು ತಿಂಗಳು ಲಾಡ್ಜಿನಲ್ಲಿ ಕಳೆದವನು ಅವನು. ಇಪ್ಪತ್ತಾರು ಮನೆ ನೋಡಿದ್ದನಂತೆ. ಒಂದರಲ್ಲಿ ಗಾಳಿ ಇಲ್ಲ, ಒಂದರಲ್ಲಿ ನೀರಿಲ್ಲ, ಎರಡೂ ಇದ್ದ ಕಡೆ ನೆರೆಮನೆಯ ನಾಯಿ. ಕೊನೆಗೂ ಯಾವ ಮನೆಯಲ್ಲೂ ಹಾಲು ಉಕ್ಕಿಸಲಿಲ್ಲ, ನೇರ ಆಶ್ರಮಕ್ಕೆ ಬಂದ. ಈ ಸಂಗತಿ ಹೇಳಿ ಅವ್ವ ಬಂದವರನ್ನೆಲ್ಲ ನಗಿಸುತ್ತಿದ್ದಳು.

ಅವ್ವ ಅಂದರೆ ಗುರು ನೀಲಗಂಗವ್ವ. ಎಪ್ಪತ್ತಾರು ವರ್ಷದವಳು. ಐವತ್ತು ವರ್ಷ ದಿನಾ ಬೆಳಿಗ್ಗೆ ಹೊಳೆಯ ಕಡೆ ಮುಖ ಮಾಡಿ ಹಾಡಿದವಳು. ಹಿಂದಿನ ವರ್ಷ ಗಂಟಲಿಗೆ ಆಪರೇಷನ್ ಆಯಿತು. ಮಾತಿಗೆ ಸಾಕಾಗುವಷ್ಟು ದನಿ ಉಳಿಯಿತು, ಹಾಡಿಗೆ ಉಳಿಯಲಿಲ್ಲ.

ಅದು ಗೊತ್ತಾಗಿ, ಊರಿನ ಡಾಕ್ಟರೊಬ್ಬರು ತಮ್ಮ ಮನೆಯ ಹಾಡಿನ ಸಾಮಾನನ್ನು ಆಶ್ರಮಕ್ಕೆ ಕಳಿಸಿದ್ದರು. ಎತ್ತಲು ಇಬ್ಬರು ಬೇಕಾದ ಒಂದು ಆಂಪ್ಲಿಫೈಯರ್, ಸೊಂಟದೆತ್ತರದ ಎರಡು ಸ್ಪೀಕರ್. ಡಾಕ್ಟರಿಗೆ ಕಿವಿ ಮಂದವಾಗಿತ್ತು. ‘ನನ್ನ ಕಿವಿಗೆ ಇನ್ನು ಇದರ ಉಪಯೋಗವಿಲ್ಲ, ಅವ್ವನ ಕಿವಿಗಾದರೂ ಆಗಲಿ’ ಎಂದು ಚೀಟಿ ಬರೆದಿದ್ದರು.

ಅವ್ವ ಸಂಗಯ್ಯನನ್ನು ಕರೆದು ಒಂದೇ ಮಾತು ಹೇಳಿದಳು.

"ಇದರಾಗ ಹಾಡು ಬರೂ ಹಂಗ ಮಾಡು."

ಅಷ್ಟೇ. ಅಷ್ಟು ಸಣ್ಣ ಮಾತಿನಲ್ಲಿ ಸಂಗಯ್ಯ ನಾಲ್ಕು ತಿಂಗಳು ಮುಳುಗಿಹೋದ.

ಇಂಟರ್ನೆಟ್ಟಿನ ಹಾಡನ್ನು ಆ ಸ್ಪೀಕರಿಗೆ ತರಲು ಮೂರು ದಾರಿ ಇದ್ದವು. ಫೋನಿನಿಂದ ತಂತಿಯಿಲ್ಲದೆ ಬ್ಲೂಟೂತಿನಲ್ಲಿ ಕಳಿಸುವುದು ಒಂದು. ಆಶ್ರಮದ ಹಳೆಯ ಲ್ಯಾಪ್‌ಟಾಪಿನಿಂದ ತಂತಿ ಎಳೆಯುವುದು ಇನ್ನೊಂದು. ಮೂರನೆಯದು, ವೈ-ಫೈ ಹಿಡಿದು ತಾನೇ ಹಾಡು ತರಿಸಿಕೊಳ್ಳುವ ಅಂಗೈಯಗಲದ ಪೆಟ್ಟಿಗೆ. ಅದನ್ನು ಗೆಳೆಯನೊಬ್ಬನಿಂದ ಕೇಳಿ ತಂದಿದ್ದ. ಮೂರನ್ನೂ ಜೋಡಿಸಿಟ್ಟು, ಆಂಪ್ಲಿಫೈಯರಿನ ಗುಂಡಿ ತಿರುಗಿಸಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದ.

ಪರೀಕ್ಷೆಗೆ ಒಂದೇ ಹಾಡು, ನಾಲ್ಕು ನಿಮಿಷದ್ದು. ಅದನ್ನು ಎಷ್ಟು ಸಲ ಹಾಕಿದ್ದನೆಂದರೆ, ಅದರ ತಂಬೂರಿ ಶುರುವಾದರೆ ಸಾಕು, ಆಶ್ರಮದ ಬೆಕ್ಕು ಎದ್ದು ಹೊರಗೆ ಹೋಗುತ್ತಿತ್ತು.

ಬಲ್ಲವರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನೆಲ್ಲ ಓದಿದ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳಿದ್ದ. ಇಬ್ಬರೂ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಸೋಮವಾರ ಪೆಟ್ಟಿಗೆ ಗೆದ್ದರೆ ಗುರುವಾರ ತಂತಿ ಗೆಲ್ಲುತ್ತಿತ್ತು.

ಒಂದು ದಿನ ಬೆಳಿಗ್ಗೆ ಅವನು ಆ ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಬಂದ. ಅವ್ವ ಬೋಗುಣಿಗೆ ಹಾಲು ಸೋಸುತ್ತಿದ್ದಳು.

"ಅವ್ವಾರ, ನನ್ನ ಕಡಿಂದ ಆಗೂದಿಲ್ರಿ."

"ಏನು?"

"ಈ ಹಾಡಿನ ಕೆಲಸ. ಬ್ಯಾರೆ ಯಾರಿಗರ ಹೇಳ್ರಿ."

"ಮೂರೂ ಕೆಟ್ಟಾವೇನು?"

"ಇಲ್ರಿ. ಮೂರೂ ಚಲೋನ ಅದಾವ. ಅದ ತ್ರಾಸು."

ಅವ್ವ ನಕ್ಕಳು. ಸಂಗಯ್ಯ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದೇ ನಿಂತಿದ್ದ.

"ಇನ್ನೂ ಏನರ ಐತೇನು?" ಎಂದು ಕೇಳಿದಳು ಅವ್ವ.

"ಐತ್ರಿ." ಅವನು ನೆಲ ನೋಡುತ್ತ ಹೇಳಿದ. "ನನಗ ಹಾಡು ಕೇಳಸವಲ್ದು."

"ಕಿವಿ ತೋರಿಸಿದ್ಯೇನು?"

"ಕಿವಿ ಚಲೋ ಐತ್ರಿ. ಸ್ಪೀಕರಿನ ಗರಗರ ಕೇಳಸ್ತೈತಿ. ಎಡಕ್ಕ ಎಷ್ಟು ಬಂತು, ಬಲಕ್ಕ ಎಷ್ಟು ಬಂತು, ಎಲ್ಲಾ ಕೇಳಸ್ತೈತಿ. ಹಾಡೊಂದ ಕೇಳಸವಲ್ದು. ನಿನ್ನೆ ಭಜನಿಯೊಳಗ ಎಲ್ಲಾರೂ ಹಾಡಾಕತ್ತಿದ್ರು. ದನಿ ಗೋಡಿಗೆ ಹೆಂಗ ಬಡೀತೈತಿ ಅಂತ ನಾ ನೋಡಾಕತ್ತಿದ್ನಿ."

ಅವನಿಗೆ ನಿಜಕ್ಕೂ ಭಯವಾಗಿತ್ತು.

ಯಾಕೆಂದರೆ ಅವನು ಆಶ್ರಮಕ್ಕೆ ಬಂದದ್ದೇ ಹಾಡಿನ ಹಿಂದೆ. ಹನ್ನೆರಡು ವರ್ಷದ ಹಿಂದೆ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೊಳೆ ತೋರಿಸಲು ಬಂದಿದ್ದ. ಬೆಳಗಿನ ಹೊತ್ತು ಅವ್ವ ದಂಡೆಯ ಮೇಲೆ ಕೂತು ತೋಡಿ ರಾಗ ಹಾಡುತ್ತಿದ್ದಳು. ಮಕ್ಕಳನ್ನು ಎರಡೆರಡು ಸಲ ಎಣಿಸುವ ಮಾಸ್ತರ ಅವತ್ತು ಒಂದು ಸಲವೂ ಎಣಿಸಲಿಲ್ಲ. ಮಕ್ಕಳು ತಾವೇ ಎಣಿಸಿಕೊಂಡು, ಇನ್ನೊಬ್ಬ ಮಾಸ್ತರರ ಜೊತೆ ಬಸ್ಸು ಹತ್ತಿ ಹೊರಟುಹೋದವು. ಅವನು ದಂಡೆಯಲ್ಲೇ ಉಳಿದ.

ಈಗ ಆ ಹಾಡೇ ಕೇಳಿಸದಿದ್ದರೆ ಇಲ್ಲಿ ತಾನು ಯಾತಕ್ಕೆ? ನಾಲ್ಕು ದಿನದಿಂದ ಅವನಿಗೆ ಊಟ ಸೇರಿರಲಿಲ್ಲ.

ಅವ್ವ ಸಮಾಧಾನ ಹೇಳಲಿಲ್ಲ. ಅವನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಬೋಗುಣಿಯನ್ನು ಒಲೆಗೇರಿಸಿ, ಗ್ಯಾಸ್ ಹಚ್ಚಿ, ಅವನ ಕೈಗೆ ಸೌಟು ಕೊಟ್ಟಳು.

"ಹಾಲು ಉಕ್ಕಬಾರ್ದು. ನೋಡ್ಕೊ."

"ಹೂಂ ರೀ."

"ಮೂರೂ ಹಾಕು. ಇವತ್ತ ಮುಗಸೂಣು."

"ಹಾಲು ಇಲ್ಲೈತಿ, ಸ್ಪೀಕರ್ ಪಡಸಾಲ್ಯಾಗ ಅದಾವ್ರಿ."

"ಕಾಲಿಲ್ಲೇನು?"

ಅವ್ವ ಹಿತ್ತಿಲ ಬಾಗಿಲ ಮೆಟ್ಟಿಲಲ್ಲಿ ಒಲೆಗೆ ಬೆನ್ನು ಮಾಡಿ ಕೂತು, ಮೆಂತೆ ಸೊಪ್ಪು ಬಿಡಿಸತೊಡಗಿದಳು.

ಸಂಗಯ್ಯ ಪಡಸಾಲೆಗೆ ಹೋಗಿ ಫೋನಿನಿಂದ ಹಾಡು ಹಾಕಿದ. ಬೆಕ್ಕು ಎದ್ದು ಹೋಯಿತು. ಹಾಡು ಮುಗಿದ ಕೂಡಲೇ ನಿಲ್ಲಿಸಿ, ಅಡುಗೆಮನೆಗೆ ಬಂದು ಹಾಲು ನೋಡಿದ.

"ಹೆಂಗಿತ್ತು?" ತಿರುಗಿ ನೋಡದೆ ಕೇಳಿದಳು ಅವ್ವ.

"ಮ್ಯಾಲಿನ ಸ್ವರ ತೆಳ್ಳಗ ಬಂತ್ರಿ."

"ಹಾಲು?"

"ನೋಡೇನ್ರಿ. ಇನ್ನೂ ಬಿಸಿ ಆಗಿಲ್ಲ."

"ಹಂಗಾರ ಇದಲ್ಲ."

ಅವನಿಗೆ ಅರ್ಥವಾಗಲಿಲ್ಲ. ಲ್ಯಾಪ್‌ಟಾಪಿನ ತಂತಿಯ ಕಡೆ ಗುಂಡಿ ತಿರುಗಿಸಿ ಅದೇ ಹಾಡು ಹಾಕಿದ. ನಿಲ್ಲಿಸಿ ಬಂದ.

"ಹೆಂಗಿತ್ತು?"

"ತಂಬೂರಿ ಚಲೋ ಬಂತ್ರಿ. ಆದ್ರ ಹಿಂದ ಒಂದು ಗುಂಯ್ ಅನ್ನೂ ಸಪ್ಪಳ."

"ಹಾಲು?"

"ಕೆನಿ ಕಟ್ಟಾಕತ್ತೈತ್ರಿ."

"ಇದೂ ಅಲ್ಲ."

ಮೂರನೆಯದು ಪೆಟ್ಟಿಗೆಯ ಸರದಿ.

"ಭಾಳ ಸ್ವಚ್ಛ ಬಂತ್ರಿ," ಎಂದ ಸಂಗಯ್ಯ. "ಆದ್ರ ಹಾಡವರು ಗಾಜಿನ ಆ ಕಡೆ ಕೂತಂಗ ಅನಸ್ತು."

"ಹಾಲು?"

"ಅಂಚಿಗೆ ಗುಳ್ಳಿ ಬಂದಾವ. ಉರಿ ಸಣ್ಣ ಮಾಡೇನಿ."

"ಇದೂ ಅಲ್ಲ."

"ಇರೂವು ಮೂರ ರೀ, ಅವ್ವಾರ. ನಾಕನೇದು ಇಲ್ಲ."

"ಮತ್ತ ಹಾಕು."

ಅವನಿಗೆ ಸಿಟ್ಟು ಬಂತು. ಗುರುವಿನ ಮೇಲೆ ಸಿಟ್ಟು ಬರಬಾರದು ಅಂತಾರೆ, ಆದರೆ ಒಂದೇ ಸಮನೆ ಪಡಸಾಲೆಗೂ ಅಡುಗೆಮನೆಗೂ ಓಡಾಡಿದ ಮನುಷ್ಯನಿಗೆ ಬಂದೇ ಬರುತ್ತದೆ. ಹಾಡನ್ನು ಒಮ್ಮೆ ಫೋನಿಗೆ, ಒಮ್ಮೆ ತಂತಿಗೆ, ಒಮ್ಮೆ ಪೆಟ್ಟಿಗೆಗೆ ಬದಲಿಸಿದ. ಗುಂಡಿಯನ್ನು ಆ ಕಡೆ ಈ ಕಡೆ ಎಷ್ಟು ಸಲ ತಿರುಗಿಸಿದನೋ ಅವನಿಗೇ ಲೆಕ್ಕ ತಪ್ಪಿತು. ಅಷ್ಟರಲ್ಲಿ ಹಾಲಿನ ನೆನಪಾಗಿ, ಹಾಡನ್ನು ಹಾಗೆಯೇ ಬಿಟ್ಟು ಒಳಗೆ ಓಡಿದ.

ಹಾಲು ಕಂಠಮಟ್ಟ ಬಂದಿತ್ತು. ಸೌಟಿನಿಂದ ಕಲಕಿದ, ಊದಿದ. ಹಾಲು ತಗ್ಗಿತು. ಇನ್ನು ಇಲ್ಲಿಂದ ಅಲುಗಾಡುವುದಿಲ್ಲ ಎಂದು ಸೌಟು ಹಿಡಿದು ಬೋಗುಣಿಯನ್ನೇ ದಿಟ್ಟಿಸುತ್ತ ನಿಂತ.

ಪಡಸಾಲೆಯಲ್ಲಿ ಪರೀಕ್ಷೆಯ ಹಾಡು ಮುಗಿಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅದನ್ನು ನಿಲ್ಲಿಸಲು ಅಲ್ಲಿ ಯಾರೂ ಇರಲಿಲ್ಲ. ಒಂದು ಹಾಡು ಮುಗಿದರೆ ಇನ್ನೊಂದನ್ನು ತಾನೇ ಹಚ್ಚುವುದು ಅಂಥ ಯಂತ್ರಗಳ ರೂಢಿ. ಹಚ್ಚಿತು.

ಯಾರೋ ಒಬ್ಬ ಹೆಣ್ಣುಮಗಳು, ಯಾವುದೋ ಹಳೆಯ ಕಚೇರಿ. ತೋಡಿ.

ಆಕೆ ಒಂದು ಸ್ವರದ ಹತ್ತಿರ ಬಂದಳು, ಮುಟ್ಟಲಿಲ್ಲ. ಸುತ್ತು ಹಾಕಿ ಮತ್ತೆ ಬಂದಳು. ಈ ಸಲ ಮುಟ್ಟುತ್ತಾಳೆ ಅನ್ನುವಾಗ ಸಣ್ಣಗೆ ಕೆಮ್ಮಿದಳು. ಕೇಳುತ್ತ ಕೂತವರ ನಡುವೆ ಎಲ್ಲೋ ಒಂದು ಲೋಟ ಬಿತ್ತು. ಆಕೆ ಮೊದಲಿನ ಜಾಗಕ್ಕೆ ಹೋಗಿ, ಅವಸರವಿಲ್ಲದೆ, ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆದು ಬಂದಳು.

ಸಂಗಯ್ಯ ಕಾದ. ಈಗ ಮುಟ್ಟುತ್ತಾಳೆ. ಈಗ.

ಮುಟ್ಟಿದಳು.

ಹಾಲು ಅವನ ಕಣ್ಣೆದುರೇ ಎದ್ದಿತು. ಬೋಗುಣಿಯ ಅಂಚು ದಾಟಿ ಒಲೆಯ ಮೇಲೆ ಇಳಿಯಿತು, ಚೊಂಯ್ ಅಂದಿತು, ಕಟ್ಟೆಯ ಮೇಲೆ ಹರಿದು ನೋಟ್‌ಬುಕ್ಕನ್ನು ತೋಯಿಸಿತು. ಅವನು ಸೌಟು ಹಿಡಿದು ನಿಂತೇ ಇದ್ದ. ಕಣ್ಣು ತೆರೆದಿದ್ದವು, ಏನೂ ಕಾಣಲಿಲ್ಲ.

ಸೀದ ಹಾಲಿನ ವಾಸನೆಗೆ ಅವ್ವ ಎದ್ದು ಬಂದು ಗ್ಯಾಸ್ ಆರಿಸಿದಳು. ಅವನ ಪಕ್ಕದಲ್ಲಿ ನಿಂತು ತಾನೂ ಕೇಳಿದಳು. ಹಾಡು ಮುಗಿಯಿತು.

"ಅವ್ವಾರ," ಎಂದ ಸಂಗಯ್ಯ, ಕೆನ್ನೆ ಒರೆಸಿಕೊಳ್ಳುತ್ತ. "ಕೇಳಸ್ತು."

"ಹಾಲು?"

ಅವನು ಆಗ ಒಲೆಯ ಕಡೆ ನೋಡಿದ. "ಉಕ್ಕೇತ್ರಿ."

"ಗರಗರ ಇತ್ತೇನು?"

"ಗೊತ್ತಿಲ್ರಿ."

"ಎಡಕ್ಕ ಎಷ್ಟು ಬಂತು, ಬಲಕ್ಕ ಎಷ್ಟು?"

"ಗೊತ್ತಿಲ್ರಿ."

"ಮೂರರಾಗ ಯಾವ ದಾರೀಲೆ ಬಂತು?"

ಸಂಗಯ್ಯ ಪಡಸಾಲೆಯ ಕಡೆ ನೋಡಿದ. ಗುಂಡಿ ಕೊನೆಗೆ ಯಾವ ಕಡೆ ತಿರುಗಿತ್ತು? ಫೋನೇ? ತಂತಿಯೇ? ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಮಕ್ಕಳನ್ನು ಎಣಿಸದೆ ದಂಡೆಯಲ್ಲಿ ಉಳಿದ ಆ ದಿನವೇ ಮತ್ತೆ ಬಂದಂತಿತ್ತು.

"ಅದೂ ಗೊತ್ತಿಲ್ರಿ," ಎಂದು ನಕ್ಕುಬಿಟ್ಟ. ನಗು ನಿಲ್ಲಲಿಲ್ಲ. ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡ ಹಾಗೆ ಹಗುರವಾಯಿತು. ಕಿವಿ ಕೆಟ್ಟಿಲ್ಲ, ಹಾಡು ಎಲ್ಲಿಗೂ ಹೋಗಿಲ್ಲ. ಎಷ್ಟೋ ದಿನದ ಮೇಲೆ ಅವನಿಗೆ ಹಸಿವಾಗಿತ್ತು.

ಅವ್ವ ತೊಯ್ದ ನೋಟ್‌ಬುಕ್ಕನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗಿಟ್ಟು ಬಂದಳು. ಒಲೆ ಒರೆಸಿದಳು. ಉಳಿದ ಹಾಲನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಅವನ ಮುಂದಿಟ್ಟಳು.

ಅವನು ಲೋಟ ಎತ್ತಿದ. ಅರ್ಧಕ್ಕೇ ತಡೆದ. ಹಳೆಯ ಚಾಳಿ ಅಷ್ಟು ಬೇಗ ಎಲ್ಲಿ ಹೋಗುತ್ತದೆ?

"ಅವ್ವಾರ, ಒಂದು ಮಾತು."

"ಹೇಳು."

"ಯಾವುದು ಅಂತ ನೋಡಿ ಬರ್ತೇನ್ರಿ. ಇದರಾಗ ಇಷ್ಟು ಚಲೋ ಬಂತಂದ್ರ, ಉಳಿದ ಎರಡರಾಗೂ ಇದ ಹಾಡು ಹಾಕಿ ಒಮ್ಮೆ ನೋಡಬೇಕಲ್ಲರಿ?"

ಅವನು ಆಗಲೇ ಎದ್ದಿದ್ದ. ಅವ್ವ ಅವನ ಅಂಗಿಯ ತೋಳು ಹಿಡಿದು ಕೂರಿಸಿದಳು.

"ಹಾಲು ಉಕ್ಕಿದ ಮ್ಯಾಲ ಬ್ಯಾರೆ ಮನಿ ನೋಡಾಕ ಹೋಗ್ತಾರೇನು, ಮಾಸ್ತರ?"