ಪೂಜೆಯಾದ ಕಂಪ್ಯೂಟರ್

ಬಟ್ಟೆ ಹೊದ್ದು ಕೂತಿರುತ್ತೆ, ಮದುಮಗಳಲ್ಲ. ಚಪ್ಪಲಿ ಬಿಟ್ಟೇ ನೋಡಬೇಕು, ದೇವರಲ್ಲ. ಏನು ಹೇಳಿ? ಸೋತಿರಿ! ನಮ್ಮ ಬಿ.ಕಾಂ. ಕ್ಲಾಸಿನ ಕಂಪ್ಯೂಟರ್.

‘ವ್ಯವಹಾರದಲ್ಲಿ ಕಂಪ್ಯೂಟರ್’ ಅನ್ನೋ ಪಾಠವನ್ನು ಹಿರೇಗೌಡರ ಸರ್ ಬೋರ್ಡಿನ ಮೇಲೇ ಮುಗಿಸುತ್ತಿದ್ದರು. “ಮೊದಲ ಥಿಯರಿ ಪಾಸಾಗ್ರಿ. ಆಮ್ಯಾಲೆ ಮುಟ್ಟೀರಂತ.” ಪಾಪ, ಕೆಟ್ಟರೆ ಅವರ ತಲೆಗೇ ಬರುತ್ತಿತ್ತು. ಆದರೆ ನಮ್ಮ ಕ್ಲಾಸಿನ ದಾಕ್ಷಾಯಣಿಯನ್ನು ಲಾರಿ ಆಫೀಸಿನವರು ಬಿಲ್ ಹೊಡೆಯುವ ಕೆಲಸದ ಸಂದರ್ಶನಕ್ಕೆ ಕರೆದಿದ್ದರು. ಕಂಪ್ಯೂಟರನ್ನೇ ಮುಟ್ಟದವಳು ಏನು ಹೊಡೆದಾಳು?

ಆಯುಧಪೂಜೆಗೆ ಸರ್ ತಾವೇ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಆರತಿ ಬೆಳಗಿದರು. ಮತ್ತೆ ಬಟ್ಟೆ ಹೊದಿಸಲು ಹೋದಾಗ ದಾಕ್ಷಾಯಣಿ ಕೈಮುಗಿದಳು.

“ಸರ್ರ, ಪೂಜಿ ಮಾಡಿದ ಗಾಡಿ ಚಾಲೂ ಮಾಡಲಾರದ ಬಿಟ್ರ ಅಪಶಕುನ ಅಲ್ಲೇನ್ರಿ?”

“ಇದಕ್ಕ ಗಾಲಿ ಎಲ್ಲಿ ಅದಾವವ್ವಾ?”

“ಮೌಸಿನ ನಡುವ ಒಂದು ಐತಲ್ರಿ. ನೀವ ಬೋರ್ಡಿನ ಮ್ಯಾಲೆ ಚಿತ್ರ ತೆಗೆದಿದ್ರಿ.”

ಸರ್ ಆ ಬಟ್ಟೆಯಲ್ಲೇ ಮುಖ ಒರೆಸಿಕೊಂಡರು. “ಹಂಗಾರ... ಒಂದ ಸುತ್ತು ಹೊಡಿ. ಮೆಲ್ಲಕ!”

ಆ ಒಂದು ಸುತ್ತು ಸಂಜೆಯವರೆಗೂ ಮುಗಿಯಲಿಲ್ಲ. ಕೊನೆಗೆ ಸರ್ರೇ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, “ಅದಲ್ಲವ್ವಾ, ಇದನ್ನ ಒತ್ತು” ಅಂತ ಬಿಲ್ ಹೊಡೆಯೋದು ಕಲಿಸುತ್ತಿದ್ದರು.

ದಾಕ್ಷಾಯಣಿಗೆ ಕೆಲಸ ಸಿಕ್ಕಿತು, ಎಲ್ಲರಿಗೂ ಪೇಡೆ ಹಂಚಿದಳು.

ಪೇಡೆ ಹಂಚಿದ್ದು ನಾನು ಕಟ್ಟಿದ ಕತೆ. ಕೆಲಸ ಸಿಕ್ಕಿದ್ದೂ ಅಷ್ಟೇ. ಸಂದರ್ಶನ ಇರೋದೇ ನಾಳೆ.